ಓದಿದ್ದು ಲೆಕ್ಕಕ್ಕೆ ಬರುತ್ತಾ, ಮೇಡಂ?

ಈ ತಿಂಗಳ ಪತ್ರಗಳಲ್ಲಿ ಒಂದೇ ಪ್ರಶ್ನೆ ಬೇರೆ ಬೇರೆ ವೇಷ ಹಾಕಿಕೊಂಡು ಬಂದಿದೆ. ಒಂದು ಕಾಲೇಜಿನಲ್ಲಿ ಓದಿದ್ದನ್ನು ಇನ್ನೊಂದು ಕಾಲೇಜು ಒಪ್ಪಿಕೊಳ್ಳುತ್ತಾ? ಹೆಚ್ಚಿನವು ಅಮೆರಿಕದಲ್ಲಿ ಅಕ್ಯುಪಂಕ್ಚರ್ (ಸೂಜಿ ಚಿಕಿತ್ಸೆ) ಓದುತ್ತಿರುವ, ಇಲ್ಲವೇ ಓದಬೇಕು ಅಂತಿರುವ ಕನ್ನಡಿಗರದ್ದು. ಒಂದು ಮಾತ್ರ ತುಮಕೂರಿನಿಂದ. ನಾನು ಕ್ಯಾಲಿಫೋರ್ನಿಯಾದ ಒಂದು ಕಾಲೇಜಿನ ದಾಖಲಾತಿ ಕಚೇರಿಯಲ್ಲಿ ಕೂತು ಹೊರಗಿನಿಂದ ಬಂದ ಮಾರ್ಕ್ಸ್ ಕಾರ್ಡ್ ನೋಡುವವಳು, ಹಾಗಾಗಿ ಮೇಜಿನ ಈ ಕಡೆಯಿಂದ ಕಂಡದ್ದನ್ನು ಹೇಳುತ್ತೇನೆ.

ಪ್ರಶ್ನೆ: ನಮಸ್ತೆ ಮೇಡಂ. ನಾನು ಕರ್ನಾಟಕದಲ್ಲಿ ಬಿಎನ್‌ವೈಎಸ್ (ನ್ಯಾಚುರೋಪತಿ ಮತ್ತು ಯೋಗದ ಪದವಿ) ಮುಗಿಸಿದವಳು, ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಮದುವೆಯಾಗಿ ಫ್ರೀಮಾಂಟ್‌ಗೆ ಬಂದು ಎರಡು ವರ್ಷ ಆಯ್ತು. ಎಚ್-4 ವೀಸಾ, ಗಂಡನ ಕೆಲಸದ ವೀಸಾ ಮೇಲೆ ಬಂದದ್ದು. ಇಲ್ಲಿ ಅಕ್ಯುಪಂಕ್ಚರ್ ಓದಿ ಲೈಸೆನ್ಸ್ ತಗೋಬೇಕು ಅಂತ ಆಸೆ. ಅನಾಟಮಿ, ಫಿಸಿಯಾಲಜಿ, ಪೆಥಾಲಜಿ ಎಲ್ಲಾ ಓದಿದ್ದೇನೆ. ಅಕ್ಯುಪಂಕ್ಚರ್ ಕೂಡ ನಮಗೆ ಒಂದು ವಿಷಯ ಆಗಿತ್ತು. ಅರ್ಧ ಕೋರ್ಸಾದ್ರೂ ಕಡಿಮೆ ಆಗುತ್ತಾ?
- ಎಸ್. ಎಂ., ಫ್ರೀಮಾಂಟ್

ಉತ್ತರ: ಅರ್ಧ ಆಗಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅಡ್ಮಿಷನ್ ಫೋನಿನಲ್ಲಿ ಯಾರೂ ಇಷ್ಟು ನೇರವಾಗಿ ಹೇಳುವುದಿಲ್ಲ.

ಲೆಕ್ಕ ನೋಡಿ. ಲೈಸೆನ್ಸ್ ಕೊಡುವ ಕ್ಯಾಲಿಫೋರ್ನಿಯಾದ ಅಕ್ಯುಪಂಕ್ಚರ್ ಬೋರ್ಡ್ ಕೇಳುವುದು ಒಟ್ಟು 3000 ಗಂಟೆ. ಅದರಲ್ಲಿ 2050 ತರಗತಿಯದು, 950 ಕ್ಲಿನಿಕ್ಕಿನದು. ತರಗತಿಯ 2050ರಲ್ಲಿ ಬೇಸಿಕ್ ಸೈನ್ಸ್‌ಗೆ ಇರುವುದು 350 ಗಂಟೆ ಮಾತ್ರ. ನಿಮ್ಮ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ, ನ್ಯೂಟ್ರಿಷನ್ ಎಲ್ಲಾ ಕೂತುಕೊಳ್ಳುವುದು ಈ 350ರ ಒಳಗೆ. ಇದರ ಜೊತೆ ಕ್ಲಿನಿಕಲ್ ಮೆಡಿಸಿನ್ ಅಂತ 240 ಗಂಟೆ ಇದೆ, ಅದರಲ್ಲೂ ಸ್ವಲ್ಪ ಸಿಗಬಹುದು. ಆದರೆ ದೊಡ್ಡ ಗುಡ್ಡ ಇರುವುದು ಬೇರೆ ಕಡೆ. ಅಕ್ಯುಪಂಕ್ಚರ್ ಮತ್ತು ಚೀನೀ ಔಷಧ ಪದ್ಧತಿ ಎರಡೂ ಸೇರಿ 1255 ಗಂಟೆ, ಅದರಲ್ಲಿ ಗಿಡಮೂಲಿಕೆಗೇ 450. ನೀವು ಐದೂವರೆ ವರ್ಷ ಓದಿದ್ದರೂ ಈ ಗುಡ್ಡ ಹತ್ತಲೇಬೇಕು. ಎಲ್ಲಾ ನಿಮ್ಮ ಪರವಾಗಿ ನಡೆದರೂ ನಿಮಗೆ ಉಳಿತಾಯ ಆಗುವುದು ಒಟ್ಟು ಗಂಟೆಯ ಐದನೇ ಒಂದು ಭಾಗಕ್ಕಿಂತ ಕಡಿಮೆ.

ಅಕ್ಯುಪಂಕ್ಚರ್ ಪೇಪರಿಗೆ ಕ್ರೆಡಿಟ್ (ಓದಿದ್ದನ್ನು ಕಾಲೇಜು ಅಳೆಯುವ ಲೆಕ್ಕ) ಸಿಗುತ್ತಾ ಅಂದರೆ, ನಾನು ಕಂಡಂತೆ ಕಷ್ಟ. ಇಲ್ಲಿನ ಅಕ್ಯುಪಂಕ್ಚರ್ ಕಾಲೇಜುಗಳಿಗೆ ಮಾನ್ಯತೆ ಕೊಡುವ ಸಂಸ್ಥೆ ಅಕಾಮ್, ಲೈಸೆನ್ಸ್ ಪರೀಕ್ಷೆಗೆ ಕೂರುವ ಅರ್ಹತೆ ಬಹಳ ಮಟ್ಟಿಗೆ ಆ ಮಾನ್ಯತೆಯ ಮೇಲೆ ನಿಂತಿದೆ. ಹಾಗಾಗಿ ಸೂಜಿಗೆ ಸಂಬಂಧಿಸಿದ ವಿಷಯಗಳಲ್ಲಿ ಕಾಲೇಜುಗಳು ಹೊರಗಿನ ಓದನ್ನು ಒಪ್ಪಲು ಹಿಂದೆಮುಂದೆ ನೋಡುತ್ತವೆ. ಚಾಲೆಂಜ್ ಪರೀಕ್ಷೆ ಅಂತ ಒಂದು ದಾರಿ ಕೆಲವು ಕಡೆ ಇದೆ. ಪಾಸಾದರೆ ಆ ವಿಷಯ ಬಿಟ್ಟುಬಿಡಬಹುದು. ಅದನ್ನು ನೀವಾಗಿಯೇ ಕೇಳಬೇಕು, ಅವರಾಗಿ ಹೇಳಲ್ಲ.

ಈಗ ಕಾಗದದ ವಿಷಯ. ಭಾರತದ ಪದವಿಯನ್ನು ಡಬ್ಲ್ಯುಇಎಸ್ ತರಹದ ಸಂಸ್ಥೆಯಿಂದ ತೂಗಿಸಬೇಕು. ಎರಡು ಥರ ವರದಿ ಕೊಡುತ್ತಾರೆ, ಅಗ್ಗದ್ದು ಬರೀ ಪದವಿಗೆ, ದುಬಾರಿಯದು ಒಂದೊಂದು ವಿಷಯಕ್ಕೂ. ನಿಮಗೆ ಬೇಕಾದದ್ದು ಎರಡನೆಯದು, ಕೋರ್ಸ್ ಬೈ ಕೋರ್ಸ್. ಮೊದಲು ಅಗ್ಗದ್ದು ಮಾಡಿಸಿ ಆಮೇಲೆ ಮತ್ತೆ ದುಡ್ಡು ಕಟ್ಟಿದವರನ್ನು ತುಂಬಾ ನೋಡಿದ್ದೇನೆ. ಆ ವರದಿ ಬಂದ ಮೇಲೂ ಕೊನೆಯ ಮಾತು ಕಾಲೇಜಿನದೇ, ವರದಿ ಬರೀ ಸಲಹೆ.

ಅದಕ್ಕಿಂತ ಮುಖ್ಯ ಇನ್ನೊಂದಿದೆ. ಸಿಲಬಸ್ ಪುಸ್ತಕ. ನೀವು ಓದಿದ ವರ್ಷದ್ದೇ, ವಿಷಯವಾರು ಗಂಟೆ ಬರೆದಿರುವುದು. ನಾನು ಹಾಸನದಲ್ಲಿ ಬಿಎಸ್ಸಿ ಮಾಡಿ ಇಲ್ಲಿಗೆ ಬಂದಾಗ ಮಾರ್ಕ್ಸ್ ಕಾರ್ಡನ್ನು ಪ್ಲಾಸ್ಟಿಕ್ ಹಾಕಿಸಿ ದೇವರ ಪಟದ ಥರ ತಂದಿದ್ದೆ. ಸಿಲಬಸ್ಸನ್ನು ಅಮ್ಮ ರದ್ದಿಗೆ ಹಾಕಿದ್ದಳು. ಬಯೋಕೆಮಿಸ್ಟ್ರಿಯಲ್ಲಿ ಏನು ಓದಿದ್ದೀರಿ, ಲ್ಯಾಬ್ ಎಷ್ಟು ಗಂಟೆ ಅಂತ ಕೇಳಿದರು. ಬಾಯಲ್ಲಿ ಹೇಳಿದೆ. ಕಾಗದ ಕೊಡಿ ಅಂದರು. ಇರಲಿಲ್ಲ. ಇಡೀ ಒಂದು ಸೆಮಿಸ್ಟರ್ ಹದಿನೆಂಟು ವರ್ಷದ ಹುಡುಗರ ಜೊತೆ ಕೂತು ಅದೇ ಗ್ಲೈಕೋಲಿಸಿಸ್ ಮತ್ತೆ ಓದಿದೆ. ಪಕ್ಕದ ಹುಡುಗ ನನ್ನನ್ನು ಟೀಚರ್ ಅಂದುಕೊಂಡಿದ್ದ.

ವೀಸಾ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಎಚ್-4ರಲ್ಲಿ ಓದಲು ಅಡ್ಡಿಯಿಲ್ಲ. ಆದರೆ ಲೈಸೆನ್ಸ್ ಬಂದ ಮೇಲೆ ದುಡಿಯಲು ಕೆಲಸದ ಪರವಾನಗಿ ಬೇಕು. 2015ರಿಂದ ಅದು ಮುಖ್ಯವಾಗಿ ಗಂಡನ ಐ-140, ಅಂದರೆ ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ, ಮಂಜೂರಾದವರಿಗೆ ಸಿಗುತ್ತಿದೆ. ಫೀಸು ಕಟ್ಟುವ ಮೊದಲು ಮನೆಯಲ್ಲಿ ಇದನ್ನೂ ಕೂತು ಮಾತಾಡಿ. ಇನ್ನೊಂದು, ಬಿಎನ್‌ವೈಎಸ್ ಇದೆ ಅಂತ ಇಲ್ಲಿ ನ್ಯಾಚುರೋಪತಿ ಡಾಕ್ಟರ್ ಬೋರ್ಡ್ ಹಾಕುವಂತಿಲ್ಲ. ಅದಕ್ಕೆ ಈ ದೇಶದಲ್ಲಿ ಬೇರೆಯೇ ಕಾಲೇಜು, ಬೇರೆಯೇ ಪರೀಕ್ಷೆ.

ಪ್ರಶ್ನೆ: ಅಕ್ಕಾ, ನಾನು ನ್ಯೂಜೆರ್ಸಿ ಕಡೆ ಅಕ್ಯುಪಂಕ್ಚರ್ ಮಾಸ್ಟರ್ಸ್ ಓದ್ತಾ ಇದ್ದೀನಿ, ಎರಡು ವರ್ಷ ಮುಗೀತು. ಗಂಡನಿಗೆ ಸ್ಯಾನ್ ಹೊಸೆಗೆ ಪ್ರಾಜೆಕ್ಟ್ ಬದಲಾಗಿದೆ. ಎರಡು ಕಾಲೇಜಿಗೂ ಮಾನ್ಯತೆ ಇದೆ. ಹಾಗಾದ್ರೆ ಎರಡು ವರ್ಷದ್ದು ಪೂರ್ತಿ ಟ್ರಾನ್ಸ್‌ಫರ್ ಆಗ್ಬೇಕಲ್ವಾ? ಅಲ್ಲಿಯವರು ಕೊಟ್ಟ ಲೆಕ್ಕ ನೋಡಿದ್ರೆ ಅಳು ಬರುತ್ತೆ. ನಾನು ಮಾಡಿದ 3 ಕ್ರೆಡಿಟ್ಟಿನ ಕೋರ್ಸನ್ನ 2 ಅಂತ ಬರೆದಿದ್ದಾರೆ!
- ಹೆಸರು ಬೇಡ, ಎಡಿಸನ್

ಉತ್ತರ: ಆ 3 ಹೋಗಿ 2 ಆದದ್ದಕ್ಕೆ ಅಳಬೇಡಿ. ಅದು ಮೋಸ ಅಲ್ಲ. ನಿಮ್ಮ ಕಾಲೇಜು ಕ್ವಾರ್ಟರ್ ಪದ್ಧತಿಯದು, ಆ ಕಾಲೇಜು ಸೆಮಿಸ್ಟರಿನದು ಇರಬೇಕು. ಕ್ವಾರ್ಟರಿನ ಒಂದು ಕ್ರೆಡಿಟ್ ಅಂದರೆ ಸುಮಾರು 10 ಗಂಟೆ ಪಾಠ, ಸೆಮಿಸ್ಟರಿನದು 15. ನಿಮ್ಮ 3 ಕ್ರೆಡಿಟ್ 30 ಗಂಟೆ, ಅವರ 2 ಕ್ರೆಡಿಟ್ಟೂ 30 ಗಂಟೆ. ಪಾವು ಬದಲು ಸೇರಿನಲ್ಲಿ ಅಳೆದ ಹಾಗೆ, ಅಕ್ಕಿ ಅಷ್ಟೇ ಇದೆ.

ನಿಜವಾದ ತೊಂದರೆ ಬೇರೆ ಇದೆ, ಅದನ್ನು ನೀವು ಇನ್ನೂ ನೋಡಿಲ್ಲ ಅನಿಸುತ್ತೆ. ನೀವು ಓದುತ್ತಿರುವುದು ಬರೀ ಅಕ್ಯುಪಂಕ್ಚರ್ ಮಾಸ್ಟರ್ಸ್, ಗಿಡಮೂಲಿಕೆ ಇಲ್ಲದ್ದು. ಅಂಥ ಕೋರ್ಸಿಗೆ ಅಕಾಮ್ ಇಟ್ಟಿರುವ ಕನಿಷ್ಠ 1905 ಗಂಟೆ, ಅದರಲ್ಲಿ ಕ್ಲಿನಿಕ್ 660. ಗಿಡಮೂಲಿಕೆ ಸೇರಿದ್ದಕ್ಕೆ ಕನಿಷ್ಠ 2625. ಕ್ಯಾಲಿಫೋರ್ನಿಯಾಕ್ಕೆ ಇವೆರಡೂ ಸಾಲದು, ಮೇಲೆ ಬರೆದ 3000 ಬೇಕು. ಅಂದರೆ ಒಂದು ಕ್ರೆಡಿಟ್ಟೂ ಕಳೆದುಹೋಗದೆ ಬಂದರೂ ನೀವು ಅಲ್ಲಿಗಿಂತ ಇಲ್ಲಿ ಸಾವಿರ ಗಂಟೆಯಷ್ಟು ಜಾಸ್ತಿ ಓದಬೇಕಾಗಬಹುದು. ಮಾನ್ಯತೆ ಎರಡಕ್ಕೂ ಇದೆ, ನಿಜ. ಮಾನ್ಯತೆ ಅಂದರೆ ಕ್ರೆಡಿಟ್ ಕೇಳುವ ಸಾಲಿನಲ್ಲಿ ನಿಲ್ಲಬಹುದು ಅಂತ ಅಷ್ಟೇ.

ಕ್ಲಿನಿಕ್ ಗಂಟೆ ವಿಷಯದಲ್ಲಿ ಕಾಲೇಜುಗಳು ತುಂಬಾ ಬಿಗಿ. ಕಾರಣ ಇದೆ. ನಾಳೆ ರೋಗಿಗೆ ಸೂಜಿ ಹಾಕುವವಳ ಸರ್ಟಿಫಿಕೇಟಿನ ಮೇಲೆ ಅವರ ಹೆಸರು ಇರುತ್ತೆ, ನಿಮ್ಮ ಕೈ ಹೇಗೆ ನಡೆಯುತ್ತೆ ಅಂತ ಅವರ ಮೇಷ್ಟರು ನೋಡಿರಬೇಕು. ಕೊನೆಯ ಒಂದು ವರ್ಷವಾದರೂ ನಮ್ಮಲ್ಲೇ ಓದಬೇಕು ಅನ್ನುವ ಷರತ್ತು ಸಾಮಾನ್ಯವಾಗಿ ಇರುತ್ತೆ. ಇದರಲ್ಲಿ ನಾನು ಕಾಲೇಜಿನ ಪರ. ಫೀಸಿಗಾಗಿ ಥಿಯರಿ ಮತ್ತೆ ಓದಿಸಿದರೆ ಮಾತ್ರ ಜಗಳ ಮಾಡಿ.

ಜಗಳಕ್ಕೆ ಬೇಕಾದ ಸಾಮಾನು ಎಡಿಸನ್‌ನಲ್ಲಿ ಇರುವಾಗಲೇ ಸೇರಿಸಿಕೊಳ್ಳಿ. ಪ್ರತಿ ಕೋರ್ಸಿನ ಸಿಲಬಸ್, ಕ್ಲಿನಿಕ್ ಲಾಗ್ ಬುಕ್ ಸಹಿ ಸಮೇತ, ಆಮೇಲೆ ಒಂದು ಪತ್ರ. ಆ ಪತ್ರದಲ್ಲಿ ಕ್ರೆಡಿಟ್ ಅಲ್ಲ, ಗಂಟೆ ಬರೆಸಿಕೊಳ್ಳಿ. ಬೋರ್ಡು ಎಣಿಸುವುದು ಗಂಟೆಯನ್ನೇ. ಒಮ್ಮೆ ಊರು ಬಿಟ್ಟ ಮೇಲೆ ಹಳೇ ಕಾಲೇಜಿನಿಂದ ಒಂದು ಸಹಿ ತರಿಸುವುದು ಇದೆಯಲ್ಲ, ಅದು ನಮ್ಮ ತಾಲೂಕು ಕಚೇರಿಗಿಂತ ಏನೂ ಸುಲಭ ಇಲ್ಲ.

ಇನ್ನೊಂದು ದಾರಿ ಯೋಚನೆ ಮಾಡಿದ್ದೀರಾ? ಬೇರೆ ರಾಜ್ಯದ ಕೆಲವು ಕಾಲೇಜುಗಳ ಪಠ್ಯವನ್ನೂ ಕ್ಯಾಲಿಫೋರ್ನಿಯಾ ಬೋರ್ಡ್ ಒಪ್ಪಿದೆ, ಪಟ್ಟಿ ಅವರ ವೆಬ್‌ಸೈಟಿನಲ್ಲಿದೆ. ನಿಮ್ಮ ಕಾಲೇಜು ಆ ಪಟ್ಟಿಯಲ್ಲಿದ್ದರೆ, ಯಾವ ಕೋರ್ಸಿಗೆ ಅಂತಲೂ ನೋಡಿಕೊಂಡು, ಒಂದು ವರ್ಷ ಅಲ್ಲೇ ಇದ್ದು ಮುಗಿಸಿ ಬರುವುದು ಲಾಭವೇ ಇರಬಹುದು. ಗಂಡ ಇಲ್ಲಿ, ಹೆಂಡತಿ ಅಲ್ಲಿ, ಎರಡು ಬಾಡಿಗೆ. ಆ ಲೆಕ್ಕ ನಿಮ್ಮದು. ನೀವು ಎಫ್-1ರಲ್ಲಿ, ಅಂದರೆ ವಿದ್ಯಾರ್ಥಿ ವೀಸಾದಲ್ಲಿ ಇದ್ದರೆ ಕಾಲೇಜು ಬದಲಿಸುವಾಗ ಸೆವಿಸ್ ದಾಖಲೆಯೂ (ವಿದೇಶಿ ವಿದ್ಯಾರ್ಥಿಗಳ ಬಗ್ಗೆ ಸರ್ಕಾರ ಇಡುವ ದಾಖಲೆ) ವರ್ಗವಾಗಬೇಕು, ಹೊಸ ಕಡೆ ಐದು ತಿಂಗಳೊಳಗೆ ತರಗತಿ ಶುರುವಾಗಬೇಕು. ಎಚ್-4 ಆದರೆ ಈ ತಲೆನೋವು ಇಲ್ಲ.

ಪ್ರಶ್ನೆ: ನಮ್ಮ ಅಕ್ಯುಪಂಕ್ಚರ್ ಕಾಲೇಜು ಮುಚ್ಚುತ್ತೆ ಅಂತ ಸುದ್ದಿ. ಮೇಷ್ಟರನ್ನು ಕೇಳಿದರೆ ಸುಮ್ನೆ ನಗುತ್ತಾರೆ. ಈಗಲೇ ಓಡಿಹೋಗೋದಾ, ಕಾಯೋದಾ? ನನಗೆ ಗ್ರೀನ್ ಕಾರ್ಡ್ ಇದೆ, ಫೆಡರಲ್ ಸಾಲ, ಅಂದರೆ ಇಲ್ಲಿನ ಕೇಂದ್ರ ಸರ್ಕಾರದ ಶಿಕ್ಷಣ ಸಾಲ ತಗೊಂಡಿದ್ದೇನೆ.
- ಕೆ., ಟೆಕ್ಸಾಸ್

ಉತ್ತರ: ಸುದ್ದಿ ಸುಳ್ಳೇ ಇರಬಹುದು, ಆದರೆ ಭಯ ಸುಳ್ಳಲ್ಲ. 1983ರಲ್ಲಿ ಶುರುವಾಗಿದ್ದ ಪೋರ್ಟ್‌ಲ್ಯಾಂಡಿನ ಒರೆಗಾನ್ ಕಾಲೇಜ್ ಆಫ್ ಓರಿಯೆಂಟಲ್ ಮೆಡಿಸಿನ್ ಅಂಥ ಹಳೇ ಕಾಲೇಜೇ 2024ರಲ್ಲಿ ಬಾಗಿಲು ಹಾಕಿತು. ಮಾನ್ಯತೆ ಇರುವ ಕಾಲೇಜು ಮುಚ್ಚುವಾಗ ಮಕ್ಕಳನ್ನು ಹಾಗೇ ಬೀದಿಗೆ ಬಿಡುವಂತಿಲ್ಲ. ಟೀಚ್-ಔಟ್ ಅಂತ ಯೋಜನೆ ಮಾಡಬೇಕು, ಅಂದರೆ ಇರುವವರ ಓದು ಮುಗಿಯುವ ವ್ಯವಸ್ಥೆ, ತಮ್ಮಲ್ಲೇ ಆಗಲಿ ಇನ್ನೊಂದು ಕಾಲೇಜಿನ ಜೊತೆ ಒಪ್ಪಂದದಲ್ಲೇ ಆಗಲಿ. ಆ ಒಪ್ಪಂದದಲ್ಲಿ ಹೋದವರಿಗೆ ಕ್ರೆಡಿಟ್ ಸಾಮಾನ್ಯವಾಗಿ ಜಾಸ್ತಿ ಉಳಿಯುತ್ತೆ, ಒಬ್ಬರೇ ಓಡಿಹೋದವರಿಗೆ ಕಡಿಮೆ. ಹಾಗಾಗಿ ಇವತ್ತೇ ಓಡಬೇಡಿ.

ಆದರೆ ಟ್ರಾನ್ಸ್‌ಕ್ರಿಪ್ಟ್ ಇವತ್ತೇ ತಗೊಳ್ಳಿ. ಎರಡು ಪ್ರತಿ, ಸೀಲ್ ಒಡೆಯದ್ದು. ಕ್ಲಿನಿಕ್ ದಾಖಲೆಯ ಫೋಟೋ ಫೋನಿನಲ್ಲಿರಲಿ.

ಸಾಲದ ವಿಷಯ ಸೂಕ್ಷ್ಮ. ಕಾಲೇಜು ಮುಚ್ಚಿ ಓದು ನಿಂತರೆ ಫೆಡರಲ್ ಸಾಲ ಮನ್ನಾ ಕೇಳಬಹುದು. ಮುಚ್ಚುವುದಕ್ಕೆ ಮೊದಲಿನ 180 ದಿನದ ಒಳಗೆ ಬಿಟ್ಟವರಿಗೂ ಈ ಅವಕಾಶ ಇದೆ. ಆದರೆ ಕ್ರೆಡಿಟ್ ತಗೊಂಡುಹೋಗಿ ಬೇರೆ ಕಡೆ ಅದೇ ಥರದ ಕೋರ್ಸ್ ಮುಗಿಸಿದರೆ ಆ ಮನ್ನಾ ಸಾಮಾನ್ಯವಾಗಿ ಕೈತಪ್ಪುತ್ತೆ. ಕ್ರೆಡಿಟ್ ಬೇಕಾ, ಮನ್ನಾ ಬೇಕಾ? ಎರಡು ವರ್ಷ ಓದಿದವರು ಕ್ರೆಡಿಟ್ ಉಳಿಸಿಕೊಳ್ಳಲಿ, ಎರಡೇ ತಿಂಗಳು ಓದಿದವರು ಮನ್ನಾ ಕೇಳಲಿ ಅಂತ ನನ್ನ ಅಂದಾಜು. ನೀವು ಎಷ್ಟು ಓದಿದ್ದೀರಿ ಅಂತ ಬರೆದಿಲ್ಲ.

ಪ್ರಶ್ನೆ: ನಾನು ಊರಲ್ಲಿದ್ದಾಗ ಶನಿವಾರ ಭಾನುವಾರ ಹೋಗಿ ಆರು ತಿಂಗಳ ಅಕ್ಯುಪಂಕ್ಚರ್ ಡಿಪ್ಲೊಮಾ ಮಾಡಿದ್ದೆ. 2019ರಲ್ಲಿ ಸರ್ಕಾರವೇ ಅಕ್ಯುಪಂಕ್ಚರಿಗೆ ಮಾನ್ಯತೆ ಕೊಟ್ಟಿದೆ. ಇಲ್ಲಿ ಲೆಕ್ಕಕ್ಕೆ ತಗೊಳ್ತಾರಾ?
- ಆರ್., ಡಲ್ಲಾಸ್

ಉತ್ತರ: ಇಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ್ದು ಚಿಕಿತ್ಸಾ ಪದ್ಧತಿಯನ್ನು, ನೀವು ಹೋದ ಕ್ಲಾಸನ್ನಲ್ಲ. ಅದಕ್ಕೂ ಮೊದಲೇ 1996ರಲ್ಲಿ ಪಶ್ಚಿಮ ಬಂಗಾಳ ಇದಕ್ಕೆಂದೇ ಕಾನೂನು ಮಾಡಿತ್ತು. ಅದೂ ನಿಮ್ಮ ಡಿಪ್ಲೊಮಾಕ್ಕೆ ಸಹಾಯ ಮಾಡಲ್ಲ. ನಿಮ್ಮ ಹಳೇ ಡಿಗ್ರಿ ಇದೆಯಲ್ಲ, ಬಿಕಾಂ ಆಗಲಿ ಬಿಎ ಆಗಲಿ, ಅದೇ ಹೆಚ್ಚು ಉಪಯೋಗ. ಮಾಸ್ಟರ್ಸ್‌ಗೆ ಸೇರಲು ಕನಿಷ್ಠ ಎರಡು ವರ್ಷದ ಕಾಲೇಜು ಓದು, ಅಂದರೆ 60 ಸೆಮಿಸ್ಟರ್ ಕ್ರೆಡಿಟ್ ಬೇಕು. ಅದು ಅದರಲ್ಲಿ ಸಿಗುತ್ತೆ.

ಪ್ರಶ್ನೆ: ಮೇಡಂ, ನನ್ನ ಮಗಳು ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಬಿಎಸ್ಸಿ ನರ್ಸಿಂಗ್, ಎರಡನೇ ವರ್ಷ. ಹಾಸ್ಟೆಲ್ ಸರಿಯಿಲ್ಲ, ಊರ ಹತ್ತಿರ ಬರ್ತೀನಿ ಅಂತಾಳೆ. ಅವಳ ಹತ್ತಿರ ಎಬಿಸಿ (ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್) ಐಡಿ ಇದೆ. ಅದರಲ್ಲಿ ಕ್ರೆಡಿಟ್ ಜಮಾ ಆಗಿರುತ್ತಂತೆ, ಎಲ್ಲಿ ಬೇಕಾದ್ರೂ ತಗೊಂಡು ಹೋಗ್ಬಹುದು ಅಂತ ಪಕ್ಕದ ಮನೆ ಹುಡುಗ ಹೇಳಿದ. ಹೌದಾ?
- ಒಬ್ಬ ತಂದೆ, ತುಮಕೂರು

ಉತ್ತರ: ಪಕ್ಕದ ಮನೆ ಹುಡುಗ ಬಿಎ ಅಥವಾ ಬಿಕಾಂ ಓದುತ್ತಿರಬೇಕು ಸಾರ್. ಯುಜಿಸಿ 2021ರಲ್ಲಿ ಎಬಿಸಿ ತಂದಾಗ ಕ್ರೆಡಿಟ್ ಏಳು ವರ್ಷದವರೆಗೆ ಇರುತ್ತೆ, ಪದವಿ ಕೊಡುವ ಕಾಲೇಜಿನಲ್ಲಿ ಕನಿಷ್ಠ ಅರ್ಧ ಓದಿರಬೇಕು ಅಂತೆಲ್ಲ ನಿಯಮ ಮಾಡಿತು. ಬ್ಯಾಂಕ್ ಅಂತ ಹೆಸರಿಟ್ಟಿದ್ದರಿಂದ ಎಲ್ಲರಿಗೂ ಎಟಿಎಂ ನೆನಪಾಗುತ್ತೆ. ಆ ಐಡಿ ಕ್ರೆಡಿಟ್ ಬರೆದಿಡುತ್ತೆ, ಸೀಟು ಕೊಡಿಸಲ್ಲ. ನರ್ಸಿಂಗ್ ಪಠ್ಯ 2021ರಿಂದ ಸೆಮಿಸ್ಟರ್, ಕ್ರೆಡಿಟ್ ಪದ್ಧತಿಗೆ ಬಂದಿದೆ ನಿಜ, ಆದರೆ ಅದಕ್ಕೆ ನಿಯಮ ಬರೆಯುವುದು ನರ್ಸಿಂಗ್ ಕೌನ್ಸಿಲ್, ಪರೀಕ್ಷೆ ಮಾಡುವುದು ವಿಶ್ವವಿದ್ಯಾಲಯ. ಆಸ್ಪತ್ರೆಯಲ್ಲಿ ಕೆಲಸ ಮಾಡಿದ ಗಂಟೆಯೂ ಹಾಜರಾತಿಯೂ ಇಬ್ಬರಿಗೂ ಬೇಕು.

ನೀವು ಮಾಡಬೇಕಾದದ್ದು ಹೀಗೆ. ಹೋಗಬೇಕೆಂದಿರುವ ಕಾಲೇಜಿನಲ್ಲಿ ಅದೇ ವರ್ಷದ ಸೀಟು ಖಾಲಿ ಇದೆಯಾ ಅಂತ ಮೊದಲು ಕೇಳಿ, ಅದು ಇಲ್ಲದಿದ್ದರೆ ಮುಂದಿನ ಮಾತೇ ಇಲ್ಲ. ಇದ್ದರೆ ಆ ಕಾಲೇಜಿನಿಂದ ಸೇರಿಸಿಕೊಳ್ಳುತ್ತೇವೆ ಅಂತ, ಈಗಿನ ಕಾಲೇಜಿನಿಂದ ಆಕ್ಷೇಪ ಇಲ್ಲ ಅಂತ, ಎರಡೂ ಬರವಣಿಗೆಯಲ್ಲಿ ತಗೊಂಡು ವಿಶ್ವವಿದ್ಯಾಲಯಕ್ಕೆ ಅರ್ಜಿ ಕೊಡಿ. ವಿಶ್ವವಿದ್ಯಾಲಯದ ಒಪ್ಪಿಗೆ ಕೈಗೆ ಬರುವ ತನಕ ಟಿಸಿ ಕೇಳಬೇಡಿ, ಕ್ಲಿನಿಕಲ್ ಪೋಸ್ಟಿಂಗ್ ಒಂದು ದಿನವೂ ತಪ್ಪಿಸಬೇಡಿ ಅಂತ ಮಗಳಿಗೆ ಹೇಳಿ. ಹಾಸ್ಟೆಲ್ ಮಾತ್ರ ತೊಂದರೆ ಅಂದರೆ, ಕಾಲೇಜಿನ ಹತ್ತಿರ ಒಂದು ಪಿಜಿ ನೋಡುವುದು ಇಷ್ಟೆಲ್ಲ ಓಡಾಟಕ್ಕಿಂತ ಅಗ್ಗ ಆಗಬಹುದು. ಅವಳನ್ನೇ ಇನ್ನೊಂದು ಸಲ ಕೇಳಿ ನೋಡಿ, ತೊಂದರೆ ಹಾಸ್ಟೆಲ್ಲಿನದೇನಾ ಅಂತ.