ಟಾರ್ಚಿಗೆ ದುಡ್ಡು ಕೊಡುವವರು ಯಾರು?

ಓದುಗರ ಪತ್ರ: "ಸಂಪಾದಕರೇ, ಹೋದ ಸಂಚಿಕೆಯಲ್ಲಿ ಕ್ಯಾನ್ಸರ್ ಸಂಶೋಧನೆಗೆ ದೇಣಿಗೆ ಕೊಡಿ ಎಂದು ಬರೆದಿದ್ದೀರಿ. ನಮ್ಮೂರಲ್ಲಿ ಕಿಮೋಗೆಂದು ತೋಟ ಅಡವಿಟ್ಟವರಿದ್ದಾರೆ. ಅವರನ್ನು ಬಿಟ್ಟು ಎಲ್ಲೋ ಇರುವ ಲ್ಯಾಬಿಗೆ ಯಾಕೆ ಕೊಡಬೇಕು? ಇಷ್ಟು ವರ್ಷ ಕೊಟ್ಟು ಏನಾಯಿತು? ಕೊನೆಗೆ ಲಾಭವೆಲ್ಲ ಕಂಪನಿಗೆ ತಾನೇ?"
– ನಿವೃತ್ತ ಮಾಸ್ತರು, ಕುಮಟಾ

ಸಂಪಾದಕರ ಉತ್ತರ:

ಮಾಸ್ತರ್ರೇ, ಮುಲಾಜಿಲ್ಲದೆ ಕೇಳಿದ್ದೀರಿ, ಸಂತೋಷ. ಹೊಗಳಿ ಬರೆಯುವ ಪತ್ರಗಳನ್ನು ಓದಿ ಓದಿ ನನಗೂ ಬೇಜಾರಾಗಿದೆ.

ನೆರೆಮನೆಯ ರೋಗಿಗೆ ಕೊಡಿ. ಖಂಡಿತ ಕೊಡಿ. ಈ ವಿಷಯದಲ್ಲಿ ನಮ್ಮ ಜಿಲ್ಲೆಯವರ ಕೈ ದೊಡ್ಡದೇ. ಯಾರಿಗೋ ಆಪರೇಷನ್ ಅಂದರೆ ಸಹಾಯಾರ್ಥ ಯಕ್ಷಗಾನ ಇಡುತ್ತಾರೆ, ಟಿಕೆಟ್ ತಗೊಂಡು ಆಟಕ್ಕೆ ಹೋಗದವರೂ ಇರುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ "ಅವರನ್ನು ಬಿಟ್ಟು" ಎಂದಿರಲ್ಲ, ಬಿಡಿ ಎಂದವರು ಯಾರು? ತೋಟ ಅಡವಿಟ್ಟು ತಂದ ಆ ಕಿಮೋ ಔಷಧ ಎಲ್ಲಿಂದ ಬಂತು ಅಂತ ಒಮ್ಮೆ ಯೋಚಿಸಿದ್ದೀರಾ?

1947ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಎಂಬ ಡಾಕ್ಟರು ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಔಷಧ ಹುಡುಕುತ್ತಿದ್ದರು. ಮೊದಲು ಫೋಲಿಕ್ ಆಸಿಡ್ ಎಂಬ ವಿಟಮಿನ್ ಕೊಟ್ಟು ನೋಡಿದರು. ಕಾಯಿಲೆ ಇನ್ನೂ ಜಾಸ್ತಿಯಾಯಿತು. ಹಾಗಾದರೆ ಅದನ್ನು ತಡೆಯುವುದನ್ನೇ ಕೊಟ್ಟರೆ ಹೇಗೆ ಎಂದು ಹೊಳೆಯಿತು. ಅಂಥ ಔಷಧವನ್ನು ಮಾಡಿಕೊಟ್ಟಿದ್ದು ಯಾರ ತಂಡ ಗೊತ್ತಾ? ಆಂಧ್ರದ ಭೀಮವರದಲ್ಲಿ ಹುಟ್ಟಿ ಅಮೆರಿಕ ಸೇರಿದ್ದ ಯಲ್ಲಾಪ್ರಗಡ ಸುಬ್ಬರಾವ್ ಅವರದು. 16 ಮಕ್ಕಳಲ್ಲಿ 10 ಮಕ್ಕಳು ಚೇತರಿಸಿಕೊಂಡರು. ಚೇತರಿಕೆ ಉಳಿಯಲಿಲ್ಲ, ಅದೂ ನಿಜ. ಆದರೆ ಅದೇ ಜಾತಿಯ ಮೆಥೊಟ್ರೆಕ್ಸೇಟ್ ಇವತ್ತಿಗೂ ವಾರ್ಡುಗಳಲ್ಲಿ ಬಳಕೆಯಲ್ಲಿದೆ.

ಮುಂದಿನ ಕೆಲಸಕ್ಕೆ ದುಡ್ಡು ಹುಟ್ಟಿದ್ದು ರೇಡಿಯೋದಲ್ಲಿ. 1948ರಲ್ಲಿ ಆಸ್ಪತ್ರೆಯಲ್ಲಿ ಮಲಗಿದ್ದ ಒಬ್ಬ ಹುಡುಗನಿಗೆ ಜಿಮ್ಮಿ ಎಂದು ಸುಳ್ಳು ಹೆಸರಿಟ್ಟು ಮಾತಾಡಿಸಿದರು. ಅವನಿಗೆ ಬೇಸ್‌ಬಾಲ್ ನೋಡಲು ಟಿವಿ ಬೇಕಿತ್ತು. ಕೇಳಿದ ಜನ ಎರಡು ಲಕ್ಷ ಡಾಲರಿಗಿಂತ ಹೆಚ್ಚು ಕಳಿಸಿದರು. ಹುಡುಗ ತೀರಿಹೋಗಿರಬೇಕು ಅಂತ ಎಲ್ಲರೂ ಅಂದುಕೊಂಡಿದ್ದರೆ, 1998ರಲ್ಲಿ ಲಾರಿ ಡ್ರೈವರಾಗಿ ಜೀವನ ಮಾಡಿದ್ದ ಗಟ್ಟಿ ಮುದುಕನಾಗಿ ಎದುರು ಬಂದು ನಿಂತ! ಜಿಮ್ಮಿ ಫಂಡ್ ಈಗಲೂ ನಡೆಯುತ್ತಿದೆ.

ಅಮೆರಿಕದ ಕಥೆ ಬೇಡ ಅನ್ನುತ್ತೀರಾ? ದೊರಾಬ್ಜಿ ಟಾಟಾ ಅವರ ಹೆಂಡತಿ ಮೆಹರ್‌ಬಾಯಿ 1931ರಲ್ಲಿ ರಕ್ತದ ಕ್ಯಾನ್ಸರಿನಿಂದ ಹೋದರು. ಮರುವರ್ಷವೇ ಅವರ ಹೆಸರಿನಲ್ಲಿ ಆ ಕಾಯಿಲೆಯ ಸಂಶೋಧನೆಗೆಂದೇ ಟ್ರಸ್ಟ್ ಆಯಿತು. ದೊರಾಬ್ಜಿ ಬಿಟ್ಟುಹೋದ ಟ್ರಸ್ಟು 1941ರಲ್ಲಿ ಮುಂಬೈಯಲ್ಲಿ ಟಾಟಾ ಆಸ್ಪತ್ರೆ ತೆರೆಯಿತು. ನಮ್ಮೂರಿನವರು "ಬಾಂಬೆ ಟಾಟಾಕ್ಕೆ ಹೋಗಿ ಬಂದ್ರು" ಅನ್ನುವುದು ಇದಕ್ಕೇ. ದುಃಖದಲ್ಲಿದ್ದ ಮನುಷ್ಯ ಒಂದು ದೊಡ್ಡ ಮೂರ್ತಿ ಮಾಡಿಸಿ ಸುಮ್ಮನಿರಬಹುದಿತ್ತು.

ಇನ್ನು ಕಂಪನಿಯ ಲಾಭ. ಅರ್ಧ ಒಪ್ಪುತ್ತೇನೆ. ಹೊಸ ಔಷಧಗಳ ಬೆಲೆ ಕೇಳಿದರೆ ನನಗೂ ಸಿಟ್ಟು ಬರುತ್ತದೆ. ಆದರೆ ನಿಮ್ಮ ಮಾತನ್ನೇ ತಿರುಗಿಸಿ ನೋಡಿ: ಯಾವುದರಲ್ಲಿ ಲಾಭ ಇಲ್ಲವೋ ಅದನ್ನು ಕಂಪನಿ ಹುಡುಕುವುದೇ ಇಲ್ಲ. ಆಗ ಯಾರು ಹುಡುಕಬೇಕು?

ಕೇರಳದ ಉದಾಹರಣೆ ನನಗೆ ಬಹಳ ಇಷ್ಟ. 1996ರಲ್ಲಿ ತಿರುವನಂತಪುರ ಜಿಲ್ಲೆಯ 13 ಪಂಚಾಯಿತಿಗಳಲ್ಲಿ ಒಂದು ಅಧ್ಯಯನ ಶುರುವಾಯಿತು. ಪರೀಕ್ಷೆ ಏನು? ಬಾಯಿ ತೆರೆಸಿ ಟಾರ್ಚ್ ಬಿಟ್ಟು ನೋಡುವುದು. ನೋಡಿದವರು ಡಾಕ್ಟರುಗಳಲ್ಲ, ತರಬೇತಿ ಪಡೆದ ಸಾಮಾನ್ಯ ಪದವೀಧರರು. ಏಳು ಪಂಚಾಯಿತಿಗಳಲ್ಲಿ ಮನೆಮನೆಗೆ ಹೋಗಿ 35 ದಾಟಿದವರ ಬಾಯಿ ನೋಡಿದರು, ಉಳಿದ ಆರರಲ್ಲಿ ಹಾಗೆ ನೋಡಲಿಲ್ಲ. ಎರಡೂ ಕಡೆ ಸೇರಿ ಒಂದು ಲಕ್ಷದ ತೊಂಬತ್ತು ಸಾವಿರ ಜನರ ಲೆಕ್ಕ ಇಟ್ಟರು. ಫಲಿತಾಂಶ 2005ರಲ್ಲಿ ಬಂತು. ತಂಬಾಕು ಅಥವಾ ಹೆಂಡದ ಚಟ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು 34% ಕಡಿಮೆ! ಟಾರ್ಚಿಗೆ ಪೇಟೆಂಟ್ ಇಲ್ಲ ಮಾಸ್ತರ್ರೇ. ಯಾವ ಕಂಪನಿ ಇದಕ್ಕೆ ದುಡ್ಡು ಹಾಕೀತು? ಹಾಕಿದವರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಎಂಬ ಸಣ್ಣ ಊರಿನ ಒಂದು ದತ್ತಿ ಸಂಸ್ಥೆ ಇತ್ತು. ಅದು ನಡೆಯುವುದೇ ಜನರ ದೇಣಿಗೆಯಿಂದ. ಕವಳ (ಎಲೆ-ಅಡಿಕೆ) ಅಂದರೇನು ಅಂತಲೇ ಗೊತ್ತಿಲ್ಲದವರು ಕವಳ ಹಾಕುವವರ ಬಾಯಿ ನೋಡಲು ದುಡ್ಡು ಕೊಟ್ಟಿದ್ದಾರೆ. ನಾವು ಎಷ್ಟು ಕೊಟ್ಟಿದ್ದೇವೆ?

ಕವಳ ಅಂದ ಕೂಡಲೇ ಶಿರಸಿ, ಸಿದ್ದಾಪುರದಿಂದ ಸಿಟ್ಟಿನ ಪತ್ರ ಬರುತ್ತದೆ, ಬರಲಿ. ನಾನೂ ಅಡಿಕೆ ತೋಟದ ಅನ್ನ ಉಂಡವನೇ. ಹೊಗೆಸೊಪ್ಪು ಸೇರಿದ ಕವಳ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1985ರಲ್ಲೇ ಹೇಳಿತ್ತು. 2004ರ ವರದಿಯಲ್ಲಿ ಬರೀ ಅಡಿಕೆಯನ್ನೂ ಅದೇ ಪಟ್ಟಿಗೆ ಸೇರಿಸಿತು. ಆಗಿನಿಂದ ನಾವು ಮಾಡಿದ್ದೇನು? ನಿಷೇಧದ ಸುದ್ದಿ ಬಂದಾಗಲೆಲ್ಲ ದಿಲ್ಲಿಗೆ ನಿಯೋಗ, ಮನವಿ, ಫೋಟೋ. ಆ ವರದಿಯ ಮೇಲೆ ಅನುಮಾನ ಇದ್ದರೆ ಒಂದು ಒಳ್ಳೆಯ ಅಧ್ಯಯನಕ್ಕೆ ವರ್ಷವರ್ಷ ದುಡ್ಡು ತೆಗೆದಿಡಬಹುದಲ್ವಾ, ಫಲಿತಾಂಶ ನಮ್ಮ ಪರ ಬರಲಿ, ಬಿಡಲಿ? "ಅದು ಯಾವಾಗ ಮುಗಿಯುತ್ತೆ?" ಅಂತ ಕೇಳುತ್ತಾರೆ. ಅಡಿಕೆ ಸಸಿ ನೆಟ್ಟವನು ಮರುವರ್ಷ ಗೊನೆ ಕೇಳುತ್ತಾನಾ?

ನಮ್ಮ ಬಂಧುಗಳಲ್ಲೇ ಒಬ್ಬ ದೊಡ್ಡಪ್ಪ ಇದ್ದರು. ಖಾರ ತಿನ್ನಲಾಗುತ್ತಿರಲಿಲ್ಲ, ಬಾಯಿ ಪೂರ್ತಿ ತೆರೆಯಲು ಆಗುತ್ತಿರಲಿಲ್ಲ. ಕೆನ್ನೆಯೊಳಗಿನ ಹುಣ್ಣಿಗೆ ತಿಂಗಳುಗಟ್ಟಲೆ ತುಪ್ಪ ಹಚ್ಚಿದರು. ಹುಬ್ಬಳ್ಳಿಗೆ ಕರೆದುಕೊಂಡು ಹೋಗುವಾಗ ತಡವಾಗಿತ್ತು.

ಇನ್ನೊಂದು ಮಾತು. ಕಾರವಾರದ ಕಡೆ ಹೋದರೆ ಕೈಗಾ ಅಣುವಿದ್ಯುತ್ ಸ್ಥಾವರದಿಂದ ಕ್ಯಾನ್ಸರ್ ಜಾಸ್ತಿಯಾಗಿದೆ ಎಂದು ಒಬ್ಬರು, ಬರೀ ಗಾಳಿಮಾತು ಎಂದು ಇನ್ನೊಬ್ಬರು. ತಮಾಷೆ ನೋಡಿ, ಕೈಗಾ ಇರುವುದೂ ಅಣುಶಕ್ತಿ ಇಲಾಖೆಯಡಿ, 1962ರಿಂದ ಟಾಟಾ ಆಸ್ಪತ್ರೆ ಇರುವುದೂ ಅದೇ ಇಲಾಖೆಯಡಿ. ಜಗಳ ತೀರಬೇಕಾದರೆ ಊರೂರಿನ ರೋಗಿಗಳ ಲೆಕ್ಕ ಹತ್ತಾರು ವರ್ಷ ಒಂದೇ ಕಡೆ ಸೇರಬೇಕು. ನಮ್ಮ ರೋಗಿಗಳೋ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಎಂದು ಹಂಚಿಹೋಗುತ್ತಾರೆ. ಇಂಥ ನೋಂದಣಿಯನ್ನು ದೇಶದಲ್ಲಿ ಮೊದಲು ಶುರುಮಾಡಿದ್ದು ಕೂಡ ಸರ್ಕಾರವಲ್ಲ. 1963ರಲ್ಲಿ ಮುಂಬೈಯಲ್ಲಿ ಇಂಡಿಯನ್ ಕ್ಯಾನ್ಸರ್ ಸೊಸೈಟಿ, ಅದೂ ದತ್ತಿ ಸಂಸ್ಥೆಯೇ. ಬೆಂಗಳೂರಿನ ನೋಂದಣಿ ಶುರುವಾಗಿದ್ದು 1982ರಲ್ಲಿ.

ಹಾಗಾಗಿ ಮಾಸ್ತರ್ರೇ, ನೆರೆಮನೆಗೆ ಕೊಡುವುದನ್ನು ಕೊಡಿ, ಪಿಂಚಣಿಯಲ್ಲಿ ಇನ್ನೊಂದು ಐನೂರು ಈ ಕಡೆಗೂ ತೆಗೆಯಿರಿ. ಕೊಡುವಾಗ "ಸಂಶೋಧನೆಗೆ" ಎಂದು ಬರೆದು ಕೊಡಿ, ರಸೀದಿ ಕೇಳಿ, ವರ್ಷದ ಲೆಕ್ಕಪತ್ರ ತೋರಿಸಿ ಅನ್ನಿ. ತೋರಿಸದವರಿಗೆ ಕೊಡಬೇಡಿ. ಮತ್ತೆ, ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಹೋರಾಡುವವರ ಜೊತೆ ನಾನೂ ಇದ್ದೇನೆ. ಆಸ್ಪತ್ರೆಯ ಜೊತೆಗೇ ಕ್ಯಾನ್ಸರ್ ನೋಂದಣಿಗೂ ಎರಡು ಹುದ್ದೆ ಕೇಳಿ ಎಂದು ಸಭೆಯೊಂದರಲ್ಲಿ ಹೇಳಿದ್ದೆ. "ಮೊದಲು ಕಟ್ಟಡ ಆಗಲಿ, ಅದೆಲ್ಲ ಆಮೇಲೆ ನೋಡೋಣ" ಎಂದು ನನ್ನ ಕೈಯಿಂದ ಮೈಕ್ ತಗೊಂಡರು.