ಕರ್ತೃಪದ ಇಲ್ಲದ ಹಾಳೆ

ಹಳೇ ವಾಡೆ, ಅಂದರೆ ಹಳೆ ಕಾಲದ ದೊಡ್ಡ ಮನೆ ಕೊಂಡು, ದುರಸ್ತಿ ಮಾಡಿಸಿ, ಬಾದಾಮಿ-ಐಹೊಳೆ ನೋಡಲು ಬರುವವರನ್ನು ಇಳಿಸಿಕೊಳ್ಳಬೇಕು ಅನ್ನುವ ಮನೆಗಳಿಂದ ನನ್ನ ಬಳಿ ಕುಟುಂಬ ಸಲಹೆಗೆ ಬರುವವರು ಹೆಚ್ಚಾಗಿದ್ದಾರೆ. ವಾಡೆಯ ವಿಷಯ ಅಂತ ಯಾರೂ ಬರುವುದಿಲ್ಲ. ‘ಮನ್ಯಾಗ ಮಾತು ನಿಂತಾವ್ರಿ’ ಅಂತ ಬರುತ್ತಾರೆ. ಗುರುತು ಸಿಗದಂತೆ ವಿವರ ಬದಲಿಸಿ ಅಂಥದ್ದೊಂದು ಪ್ರಕರಣ ಇಲ್ಲಿಟ್ಟಿದ್ದೇನೆ.

ಗಂಡ ಪುಣೆಯ ಕಾರ್ಖಾನೆಯಿಂದ ಸ್ವಯಂನಿವೃತ್ತಿ ಪಡೆದವರು. ಹೆಂಡತಿ ಬೆಳಗಾವಿಯಲ್ಲಿ ಹೈಸ್ಕೂಲಿನ ಕನ್ನಡ ಶಿಕ್ಷಕಿ, ನಿವೃತ್ತಿಗೆ ಇನ್ನೂ ಆರು ವರ್ಷ. ಬಾಗಲಕೋಟೆ ಜಿಲ್ಲೆಯ ಹಳ್ಳಿಯೊಂದರಲ್ಲಿ ಒಂಬತ್ತು ಅಂಕಣದ (ಕಂಬಗಳ ನಡುವಿನ ಒಂದೊಂದು ಭಾಗ ಒಂದು ಅಂಕಣ) ವಾಡೆ ನೋಡಿದ್ದರು. ಸಂಚಕಾರ, ಅಂದರೆ ಮುಂಗಡ ಹಣ ಕೊಡಲು ಎಂಟು ದಿನ ಉಳಿದಿತ್ತು. ಮೊದಲೆರಡು ಭೇಟಿ ‘ಆಕಿಗೆ ಹಳ್ಳಿ ಅಂದ್ರ ಆಗೂದಿಲ್ರಿ’, ‘ಹಳ್ಳಿ ಬ್ಯಾಡ ಅಂತ ನಾ ಯಾವಾಗ ಅಂದೇನ್ರಿ’ ಅನ್ನುವುದರಲ್ಲೇ ಮುಗಿದವು.

ಮೂರನೇ ಸಲ, ನಾಲ್ಕು ಜನ ಅತಿಥಿಗಳಿರುವ ಒಂದು ದಿನವನ್ನು ನಸುಕಿನಿಂದ ರಾತ್ರಿಯವರೆಗೆ ಬರೆದುಕೊಂಡು ಬರಲು ಗಂಡನಿಗೆ ಹೇಳಿದ್ದೆ. ಅಚ್ಚುಕಟ್ಟಾಗಿ ಬರೆದಿದ್ದರು. ಹೆಂಡತಿ ಹಾಳೆ ತೆಗೆದುಕೊಂಡು ಗಟ್ಟಿಯಾಗಿ ಓದಿದರು: ‘ಹಂಡೆಯಲ್ಲಿ ನೀರು ಕಾಯಿಸುವುದು. ರೊಟ್ಟಿ, ಝುಣಕ ಮಾಡುವುದು. ಹಾಸಿಗೆ ಬದಲಿಸುವುದು. ಪಡಸಾಲೆ ಸಾರಿಸುವುದು.’ ಅಲ್ಲಿಗೆ ನಿಲ್ಲಿಸಿ ಗಂಡನ ಕಡೆ ನೋಡಿದರು.

‘ಕ್ರಿಯಾಪದ ಎಲ್ಲಾ ಅದಾವ್ರಿ. ಕರ್ತೃಪದ ಎಲ್ಲೈತಿ?’

ಅವರು ನಕ್ಕರು. ಆಕೆ ನಗಲಿಲ್ಲ. ಬೆರಳಿಟ್ಟು ಮತ್ತೆರಡು ಸಾಲು ತೋರಿಸಿದರು: ‘ಲೆಕ್ಕ ನಾನು ನೋಡುವುದು. ಅತಿಥಿಗಳ ಜೊತೆ ನಾನು ಬಾದಾಮಿಗೆ ಹೋಗುವುದು.’ ‘ಇಲ್ಲೆರಡು ಕಡೆ ಅಷ್ಟ “ನಾನು” ಬಂದೈತಿ ನೋಡ್ರಿ.’

ಬಹಳ ಹೊತ್ತಾದ ಮೇಲೆ ಗಂಡ ಅಂದರು, ‘ಉಳದದ್ದು ನೀನ ಅಂತ ತಿಳದಿದ್ದೆ.’

‘ಹಂಗಾರ ಬರೀಬೇಕಿತ್ತು. ಹಂಗ ಬರೆದಿದ್ರ ನಾ ಅವತ್ತ ಆಗೂದಿಲ್ಲ ಅಂತಿದ್ದೆ.’

ಸಲಹೆಗಾರರು ‘ಹೀಗೆ ಮಾಡಿ’ ಅನ್ನಬಾರದು, ಅವರೇ ದಾರಿ ಕಂಡುಕೊಳ್ಳಬೇಕು ಅನ್ನುವುದು ನಮ್ಮ ಕಲಿಕೆ. ಆ ದಿನ ನಾನು ನೇರವಾಗಿ ಹೇಳಿದೆ, ಅದಕ್ಕೆ ಸಹೋದ್ಯೋಗಿಗಳಿಂದ ಆಕ್ಷೇಪವೂ ಬಂತು. ಮನಸ್ಸಿನ ಮಾತನ್ನು ಆರು ತಿಂಗಳು ಆಡಬಹುದು. ಕೊಟ್ಟ ಸಂಚಕಾರ ವಾಪಸ್ ಬರುವುದು ಕಷ್ಟ. ಸಂಚಕಾರ ನಿಲ್ಲಿಸಿ, ಪ್ರತಿ ಸಾಲಿಗೂ ಒಂದು ಹೆಸರು ಬರೆಯಿರಿ, ಹೆಸರು ಸಿಗದ ಕೆಲಸಕ್ಕೆ ಪಗಾರ ಬರೆಯಿರಿ ಅಂದೆ. ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಹೋಂಸ್ಟೇ ಯೋಜನೆಯಲ್ಲಿ ಆರು ಕೋಣೆಯ ಮಿತಿಯಿದೆ, ಮಾಲೀಕರ ಕುಟುಂಬ ಅಲ್ಲೇ ವಾಸವಿರಬೇಕು. ವಿದೇಶದವರು ಬಂದರೆ 24 ತಾಸಿನೊಳಗೆ ಅವರ ವಿವರವನ್ನು ಸರ್ಕಾರಕ್ಕೆ ತಿಳಿಸಬೇಕು. ಹೆಂಡತಿ ಬೆಳಗಾವಿಯಲ್ಲಿ, ಗಂಡ ಅತಿಥಿಗಳ ಜೊತೆ ಗುಡ್ಡದ ಮೇಲೆ ಅಂದರೆ ಆ ವಾಡೆಯಲ್ಲಿ ಇರುವವರು ಯಾರು?

ಯಾರ ಹೆಸರು ಬಿಟ್ಟಿದೆ ಅನ್ನುವ ಅದೇ ಪ್ರಶ್ನೆಯನ್ನು ಮಾರುವವರ ಕಾಗದಕ್ಕೂ ಕೇಳಿಸಿದೆ. ಉತಾರದಲ್ಲಿ (ಆಸ್ತಿಯ ದಾಖಲೆಯಲ್ಲಿ) ಇಬ್ಬರು ಅಣ್ಣತಮ್ಮಂದಿರ ಹೆಸರಿತ್ತು. ಅಕ್ಕತಂಗಿಯರು? ‘ಅವರನ್ನ ಕೊಟ್ಟ ಮನಿಗೆ ಕಳಿಸಿ ಭಾಳ ವರ್ಷ ಆತ್ರಿ.’ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ 2005ರ ತಿದ್ದುಪಡಿಯಿಂದ ಸಮಪಾಲು ಇದೆ. ತಿದ್ದುಪಡಿ ಜಾರಿಯಾದ ದಿನಕ್ಕೆ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ವಾಟ್ನಿ ಪತ್ರವೋ (ಪಾಲುಪತ್ರ) ಕೋರ್ಟಿನ ಡಿಕ್ರಿಯೋ ಆಗಿದ್ದರೆ ಮಾತು ಬೇರೆ. ಕೆಲವರ ಸಹಿಯಿಂದ ಕೊಂಡರೆ ಬರುವುದು ಅವರ ಪಾಲು ಮಾತ್ರ. ಒಡೆಯದ ಕುಟುಂಬದ ವಾಸದ ಮನೆಯಾದರೆ, 1882ರ ಆಸ್ತಿ ವರ್ಗಾವಣೆ ಕಾಯ್ದೆಯ 44ನೇ ಕಲಮಿನಂತೆ ಹೊರಗಿನವರಿಗೆ ಜಂಟಿ ಸ್ವಾಧೀನವೂ ಇಲ್ಲ. ಪಾಲು ಕೇಳಿ ಕೋರ್ಟಿಗೆ ಹೋದರೆ, ಮನೆಯವರೇ ನಿಮ್ಮ ಪಾಲನ್ನು ಕೋರ್ಟು ಕಟ್ಟಿದ ಬೆಲೆಗೆ ಕೊಳ್ಳಬಹುದು. ಆದ್ದರಿಂದ ವಂಶಾವಳಿ, ಗ್ರಾಮ ಪಂಚಾಯಿತಿಯ ಇ-ಸ್ವತ್ತಿನ ನಮೂನೆ 9 ಮತ್ತು 11, ಸಿಟಿ ಸರ್ವೆ ಆದ ಊರಾದರೆ ಸಿ.ಟಿ.ಎಸ್. ಉತಾರ, ಮೂವತ್ತು ವರ್ಷದ ಋಣಭಾರ ಪತ್ರ, ಎಲ್ಲರ ಸಹಿ. ವಕೀಲರ ಫೀ ಉಳಿಸುವ ಜಾಗ ಇದಲ್ಲ.

ಸ್ಥಳದ ಎರಡು ಸಂಗತಿ. ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ. 1992ರ ಜೂನ್ 16ಕ್ಕೆ ಮೊದಲಿನ ಕಟ್ಟಡದ ದುರಸ್ತಿಗೂ ಅನುಮತಿ ಬೇಕು. ಮುಂದಿನ 200 ಮೀಟರ್ ನಿಯಂತ್ರಿತ ವಲಯ. ಕೃಷ್ಣಾ, ಘಟಪ್ರಭೆಯ ದಂಡೆಯಾದರೆ ಆಲಮಟ್ಟಿ ಅಣೆಕಟ್ಟಿನ ನೀರಿನ ಮಟ್ಟ 519.6ರಿಂದ 524.256 ಮೀಟರಿಗೆ ಏರಿಸುವ ಯೋಜನೆಯ ಮುಳುಗಡೆ ನಕ್ಷೆಯಲ್ಲಿ ಊರಿದೆಯೇ ನೋಡಬೇಕು.

ಇನ್ನು ಮಾಳಿಗೆ. ಹತ್ತಕ್ಕೆ ಹನ್ನೆರಡು ಅಡಿ ಕೋಣೆಯ ಮೇಲೆ ಒಂದಡಿ ಮಣ್ಣಿದ್ದರೆ ಐದು ಟನ್ನಿಗೂ ಮೇಲೆ ಭಾರ. ಹಳೇ ಮಣ್ಣು ತೆಗೆಯದೆ ವರ್ಷವರ್ಷ ಹೊಸ ಮೇಲ್ಮುದ್ದೆ ಹಾಕಿದ ಮನೆಗಳಲ್ಲಿ ಇದು ಒಂದೂವರೆ ಅಡಿಯಾಗಿರುತ್ತದೆ. ತೊಲೆ ನಡುವೆ ಗಟ್ಟಿ ಕಂಡರೂ ಗೋಡೆಯೊಳಗೆ ಸೇರಿದ ತುದಿ ಕೊಳೆತಿರುತ್ತದೆ, ಇಲ್ಲವೇ ಒರಲೆ ತಿಂದಿರುತ್ತದೆ. ಸುತ್ತಿಗೆಯಿಂದ ಬಡಿದು ಟೊಳ್ಳು ಸದ್ದು ಕೇಳಬೇಕು, ದಬ್ಬಣ ಚುಚ್ಚಿ ನೋಡಬೇಕು. ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಬೇಡ. ಒಳಗಿನ ಪಸೆ ಹೊರಬರಲಾರದೆ ಗೋಡೆಯ ಬುಡ ಕರಗುತ್ತದೆ. ಬಾಗಲಕೋಟೆ, ಲೋಕಾಪುರದ ಕಡೆ ಸುಣ್ಣಕ್ಕೆ ಬರವಿಲ್ಲ. ಸುಟ್ಟ ಸುಣ್ಣವನ್ನು ಎರಡು-ಮೂರು ವಾರ ನೀರಿನಲ್ಲಿ ಕೊಳೆಹಾಕಿ, ಒಂದಕ್ಕೆ ಮೂರು ಮರಳು ಬೆರೆಸಿದರೆ ಸಾಕು. ಸ್ನಾನದ ಕೋಣೆ ಹಿತ್ತಲಿಗೆ, ಬೇರೆ ತಳಪಾಯದ ಮೇಲೆ. ಕರಿಮಣ್ಣಿನ ನೆಲದಲ್ಲಿ ಇಂಗುಗುಂಡಿ ಇಂಗುವುದಿಲ್ಲ. ಅಗೆಯುವ ಮೊದಲು ಹಳೇ ಹಗೇವು (ನೆಲದೊಳಗಿನ ಕಾಳಿನ ಕಣಜ) ಎಲ್ಲಿದೆಯೆಂದು ಊರಿನ ಹಿರಿಯರನ್ನು ಕೇಳಬೇಕು, ಅದರ ಮೇಲೆ ಟ್ಯಾಂಕರ್ ನಿಲ್ಲಿಸಿದರೆ ಕುಸಿಯುತ್ತದೆ.

ಇಷ್ಟೆಲ್ಲ ಹೇಳಿ ಕೊನೆಗೆ ಕೊಟ್ಟ ಸಲಹೆ ಒಂದೇ: ಕೊಳ್ಳಬೇಡಿ, ಹನ್ನೊಂದು ತಿಂಗಳ ಬಾಡಿಗೆಗೆ ಹಿಡಿಯಿರಿ. ಜೂನ್‌ನಿಂದ ಅಕ್ಟೋಬರ್ ತನಕ ಗಂಡ ಒಬ್ಬರೇ ಇರಲಿ, ಹೆಂಡತಿ ನೌಕರಿ ಬಿಡುವ ಮಾತು ಅಲ್ಲಿಯವರೆಗೆ ಬೇಡ. ಸಂಸಾರ ಒಡೆಯುವ ಸಲಹೆ ಎಂದು ಗಂಡನ ಅಣ್ಣ ಫೋನಿನಲ್ಲಿ ಹರಿಹಾಯ್ದರು. ಎರಡು ತಿಂಗಳಿಂದ ಒಂದೇ ಸೂರಿನಡಿ ಮಾತಿಲ್ಲದೆ ಕುಳಿತವರಿಗೆ ವಾರಕ್ಕೊಂದು ಭೇಟಿ ಒಡಕಲ್ಲ ಅನ್ನುವುದು ನನ್ನ ನಂಬಿಕೆ. ಈಗಲೂ ಬದಲಾಗಿಲ್ಲ.

ಆಗಸ್ಟ್‌ನಲ್ಲಿ ಮೂರನೇ ಅಂಕಣ ಸೋರಿತು. ಮಳೆನೀರು ಹರಿದುಹೋಗುವ ಹರನಾಳಿಗೆಯ ಪಕ್ಕದ ತೊಲೆಗೆ ಊರುಗಂಬ ಕೊಟ್ಟಿದ್ದಾರೆ. ಅಕ್ಕತಂಗಿಯರು ಮೂವರು ಅಂತ ಗೊತ್ತಾಗಿದೆ, ಒಬ್ಬಾಕೆ ಸಹಿಗೆ ಒಪ್ಪಿಲ್ಲ. ಹಾಳೆಯನ್ನು ಮತ್ತೆ ಬರೆದು ತಂದಿದ್ದರು. ರೊಟ್ಟಿಯ ಸಾಲಿಗೆ ಊರಿನ ಹೆಣ್ಣುಮಗಳೊಬ್ಬಳ ಹೆಸರು, ಎದುರಿಗೆ ದಿನದ ಪಗಾರ. ಸಾರಿಸುವುದು, ಹಂಡೆ, ಹಾಸಿಗೆ ಮೂರಕ್ಕೂ ‘ನಾನು’. ಹೆಂಡತಿ ಕೆಂಪು ಪೆನ್ನಿನಿಂದ ಒಂದು ಕಾಗುಣಿತ ತಿದ್ದಿ, ಹಾಳೆಯನ್ನು ವ್ಯಾನಿಟಿ ಬ್ಯಾಗಿನಲ್ಲಿಟ್ಟುಕೊಂಡರು.