ಕೆಎಸ್‌ಆರ್‌ಪಿಗೂ ಕೋರ್ಟ್ ಮಾರ್ಷಲ್?

ಸೇನೆಯಲ್ಲಿ ಸುಬೇದಾರರಾಗಿದ್ದು ನಿವೃತ್ತರಾದ ಜಯನಗರದ ಓದುಗರೊಬ್ಬರ ಪತ್ರ: ‘ಕರ್ನಾಟಕ ರಾಜ್ಯ ಮೀಸಲು ಪೊಲೀಸ್ ಪಡೆ, ಅಂದರೆ ಕೆಎಸ್‌ಆರ್‌ಪಿಯವರ ಕೈಯಲ್ಲೂ ಬಂದೂಕಿದೆ. ಆದರೆ ತಪ್ಪು ಮಾಡಿದರೆ ಇಲಾಖಾ ವಿಚಾರಣೆ, ಮೇಲ್ಮನವಿ ಅಂತ ವರ್ಷಗಟ್ಟಲೆ ಎಳೆದಾಟ. ಅವರಿಗೂ ಸೇನೆಯಲ್ಲಿರುವಂತೆ ಸೈನಿಕ ನ್ಯಾಯಾಲಯದ ವಿಚಾರಣೆ, ಅಂದರೆ ಕೋರ್ಟ್ ಮಾರ್ಷಲ್, ಏಕಿರಬಾರದು?’

ಸುಬೇದಾರ್ ಸಾಹೇಬರೇ, ನಿಮ್ಮ ಆತಂಕ ಸುಳ್ಳಲ್ಲ. 1973ರ ಮೇ ತಿಂಗಳಲ್ಲಿ ಉತ್ತರ ಪ್ರದೇಶದ ಸಶಸ್ತ್ರ ಪೊಲೀಸ್ ಪಡೆ ಪಿಎಸಿ ದಂಗೆಯೆದ್ದಾಗ ಅಡಗಿಸಲು ಸೇನೆಯೇ ಬರಬೇಕಾಯಿತು. ಬಂದೂಕು ಹಿಡಿದವರಿಗೆ ಶಿಸ್ತು ಬೇಕೇ ಬೇಕು.

ಆದರೆ ಸೇನೆಯಲ್ಲಿದ್ದ ನೀವೇ ಆ ಸಿಗ್ನಲ್‌ಮನ್ (ಸೇನೆಯ ಸಂಪರ್ಕ ವಿಭಾಗದ ಸಿಪಾಯಿ) ಪ್ರಕರಣವನ್ನು ಮರೆತರೆ ಹೇಗೆ? ಮೇಲಧಿಕಾರಿಯ ಕಿರುಕುಳದ ಬಗ್ಗೆ ನೇರವಾಗಿ ಮೇಲಿನವರಿಗೆ ದೂರು ಬರೆದನೆಂದು ಅವನಿಗೆ 28 ದಿನ ಸೆರೆ. ಸೆರೆಯಲ್ಲಿದ್ದಾಗ ಊಟ ಮಾಡು ಎಂದರೆ ಮಾಡಲಿಲ್ಲ. ಅಷ್ಟಕ್ಕೇ ಸಮರಿ (ಚುಟುಕು ವಿಚಾರಣೆಯ) ಕೋರ್ಟ್ ಮಾರ್ಷಲ್ ನಡೆದು ಒಂದು ವರ್ಷ ಜೈಲು, ಮೇಲೆ ನೌಕರಿಯಿಂದ ವಜಾ. ಯಾರ ಮೇಲೆ ದೂರಿತ್ತೋ ಆ ಅಧಿಕಾರಿಯೂ ವಿಚಾರಣೆ ನಡೆಸುವವರ ಸಾಲಿನಲ್ಲಿ ಕೂತಿದ್ದರು! 1987ರಲ್ಲಿ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ರದ್ದು ಮಾಡಿತು. ತೀರ್ಪು ಬರೆದವರು ನಮ್ಮ ಕರ್ನಾಟಕ ಹೈಕೋರ್ಟಿನಿಂದಲೇ ಹೋದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರು. ಕೋರ್ಟ್ ಮಾರ್ಷಲ್ ತೀರ್ಪುಗಳ ಮೇಲೆ ಮೇಲ್ಮನವಿ ಕೇಳಲು ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಬಂದದ್ದು 2007ರ ಕಾಯ್ದೆಯಿಂದ. ಸೇನೆಯೇ ಅಷ್ಟು ತಡವಾಗಿ ತಿದ್ದಿಕೊಂಡದ್ದನ್ನು ನಮ್ಮ ಪೊಲೀಸರ ಮೇಲೆ ಹೇರುವುದೇ?

ಫ್ರೀಡಂ ಪಾರ್ಕ್ ಪಕ್ಕ ನಿಂತ ಕೆಎಸ್‌ಆರ್‌ಪಿ ವ್ಯಾನಿನೊಳಗೆ ಒಮ್ಮೆ ಇಣುಕಿ ನೋಡಿ. ಸೀಟಿನ ಕೆಳಗೆ ಹೆಲ್ಮೆಟ್ಟು, ಲಾಠಿ. ಕಿಟಕಿಯ ಜಾಲರಿಗೆ ಒಣಹಾಕಿದ ಟವೆಲ್ಲು. ತೊಡೆಯ ಮೇಲೆ ಆರಿಹೋದ ಚಿತ್ರಾನ್ನದ ಪೊಟ್ಟಣ. ಇಂದು ಧರಣಿ, ನಾಳೆ ಗಣೇಶನ ಮೆರವಣಿಗೆ, ನಾಡಿದ್ದು ಇನ್ನಾವುದೋ ಜಿಲ್ಲೆಯ ಚುನಾವಣೆ. ಅನುಮತಿಯಿಲ್ಲದೆ ಸಂಘ ಕಟ್ಟುವಂತಿಲ್ಲ, ಪತ್ರಿಕೆಯವರ ಹತ್ತಿರ ಬಾಯಿ ಬಿಡುವಂತಿಲ್ಲ ಎಂದು 1966ರ ಕೇಂದ್ರ ಕಾಯ್ದೆ ಆಗಲೇ ಕಟ್ಟಿಹಾಕಿದೆ. 2016ರ ಜೂನ್‌ನಲ್ಲಿ ರಾಜ್ಯದ ಪೊಲೀಸರು ಸಾಮೂಹಿಕ ರಜೆಗೆ ಹೊರಟದ್ದು ಏನು ಕೇಳಿ? ಸಂಬಳ, ವಾರದ ರಜೆ, ಸಾಹೇಬರ ಮನೆಯ ಆರ್ಡರ್ಲಿ ಚಾಕರಿಯಿಂದ ಬಿಡುಗಡೆ. ಕವಾಯತು ಕಲಿತವನನ್ನು ತರಕಾರಿ ತರಲು ಕಳಿಸುವ ಅಧಿಕಾರಿಯ ಶಿಸ್ತನ್ನು ವಿಚಾರಿಸುವ ಕೋರ್ಟ್ ಯಾವುದು? ನಮ್ಮಲ್ಲಿ ಶಿಸ್ತಿನ ಮಾತು ಬಂದಾಗಲೆಲ್ಲ ಕಾನ್‌ಸ್ಟೆಬಲ್ಲಿನ ಹೆಸರೇ ಮೊದಲು ಬರುತ್ತದೆ. ಆಸ್ಪತ್ರೆಯಲ್ಲಿ ಆಯಾ, ಶಾಲೆಯಲ್ಲಿ ಜವಾನ, ಎಲ್ಲ ಕಡೆಯೂ ಇದೇ ಕಥೆ.

ಇಲಾಖಾ ವಿಚಾರಣೆ ಎಳೆಯುತ್ತದೆ, ಒಪ್ಪಿದೆ. ಹಾಗಾದರೆ ಅದಕ್ಕೆ ಗಡುವು ಹಾಕಲಿ.

ನೀವು ಕಂಡ ಪಲ್ಟನ್ನಿನಲ್ಲಿ ದರ್ಬಾರ್ ನಡೆಯುತ್ತಿತ್ತಲ್ಲ, ಜವಾನ ಎದ್ದು ನಿಂತು ಕಮಾಂಡಿಂಗ್ ಆಫೀಸರ್ ಎದುರಿಗೇ ತನ್ನ ಕಷ್ಟ ಹೇಳಿಕೊಳ್ಳುವ ಸಭೆ? ಕೆಎಸ್‌ಆರ್‌ಪಿಗೆ ಸೇನೆಯಿಂದ ಏನಾದರೂ ತರುವುದಾದರೆ ಅದನ್ನು ತರಲಿ. ಅಲ್ಲಿ ಯಾರು ಏನು ಕೇಳುತ್ತಿದ್ದರು, ಕೇಳಿದ್ದು ಸಿಗುತ್ತಿತ್ತೇ, ನೀವೇ ಬರೆದು ಕಳಿಸಿ. ಪೂರ್ತಿ ಅಚ್ಚು ಹಾಕುತ್ತೇವೆ.

– ಸಂಪಾದಕ